ನಡುದಾರಿಯ ಧರ್ಮ

ಮನೆಯಲ್ಲಿರುವವನಿಗೆ ಒಂದು ಧರ್ಮವುಂಟು. ಮನೆಯನ್ನು ತೊರೆದವನಿಗೂ ಒಂದು ಧರ್ಮವುಂಟು. ಗೃಹಸ್ಥನು ಹೇಗೆ ಬಾಳಬೇಕು, ವಿರಕ್ತನು ಹೇಗೆ ನಡೆಯಬೇಕು ಎಂಬುದನ್ನು ಹಿರಿಯರು ವಿಸ್ತಾರವಾಗಿ ತಿಳಿಸಿರುವರು. ಆದರೆ ಇವೆರಡರ ನಡುವೆ ನಾವೆಲ್ಲರೂ ಆಗಾಗ ಹೊಂದುವ ಮೂರನೆಯ ಸ್ಥಿತಿಯೊಂದುಂಟು. ಒಂದು ಬಸ್ಸಿನಿಂದಿಳಿದು, ಮತ್ತೊಂದು ಬಸ್ಸು ಬರುವವರೆಗೆ, ಗುರುತು ಪರಿಚಯವಿಲ್ಲದ ಊರಿನಲ್ಲಿ ಕಾದಿರುವವನ ಸ್ಥಿತಿಯೇ ಅದು. ಅವನು ಆ ಊರಿನವನಲ್ಲ. ಆ ಊರಿಗಾಗಿ ಬಂದವನೂ ಅಲ್ಲ. ಅವನ ಮನಸ್ಸು ಹೊರಟ ಊರಿನಲ್ಲಿ ಅರ್ಧ, ಸೇರಬೇಕಾದ ಊರಿನಲ್ಲಿ ಅರ್ಧ. ಕಾಲುಗಳು ಮಾತ್ರ ಇಲ್ಲಿವೆ. ಇಂತಹವನಿಗೆ ತಾನು ನಿಂತ ನೆಲದ ವಿಷಯದಲ್ಲಿ ಕರ್ತವ್ಯವೇನಾದರೂ ಉಂಟೆ? ಒಂದು ಗಳಿಗೆಯ ತಂಗುವಿಕೆಗೆ ಧರ್ಮದ ಲೆಕ್ಕದಲ್ಲಿ ಬೆಲೆಯುಂಟೆ? ಇದೇ ಈ ಲೇಖನದಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ.

ಪ್ರಶ್ನೆಯು ಬರಿಯ ಗಾಳಿಯಲ್ಲಿ ತೂಗಾಡಬಾರದು. ಅದಕ್ಕೊಂದು ನೆಲೆ ಬೇಕು. ಅದಕ್ಕಾಗಿ ಮೈಸೂರಿನಿಂದ ಮೂವತ್ತಕ್ಕೂ ಹೆಚ್ಚು ಕಿಲೋಮೀಟರು ದೂರದಲ್ಲಿರುವ ತಿರುಮಕೂಡಲು ನರಸೀಪುರವನ್ನು ತೆಗೆದುಕೊಳ್ಳೋಣ. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯೂ, ವಯನಾಡಿನ ಬೆಟ್ಟಗಳಿಂದ ಇಳಿದುಬಂದ ಕಪಿಲೆಯೂ ಇಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿ ಸೇರುವುದೆಂಬ ನಂಬಿಕೆಯಿಂದ ಇದು ತ್ರಿವೇಣಿಯೆನಿಸಿದೆ. ದಕ್ಷಿಣದ ಪ್ರಯಾಗವೆಂಬ ಹೆಸರನ್ನೂ ಪಡೆದಿದೆ. ಮೈಸೂರಿನಿಂದ ಕೊಳ್ಳೇಗಾಲದ ಮಾರ್ಗವಾಗಿ ಮಲೆಮಹದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸುಗಳು ಈ ಊರಿನ ಮೇಲೆ ಹಾದುಹೋಗುತ್ತವೆ. ತಲಕಾಡಿಗೆ ಹೋಗುವವರು ಇಲ್ಲಿ ಬಸ್ಸನ್ನು ಬದಲಾಯಿಸುವುದುಂಟು. ಹೀಗಾಗಿ ನೂರಾರು ಮಂದಿಗೆ ಈ ಊರು ಬೇರೊಂದು ಕ್ಷೇತ್ರದ ದಾರಿಯಲ್ಲಿ ಸಿಕ್ಕುವ ನಿಲ್ದಾಣ ಮಾತ್ರ. ಹೆಗಲ ಮೇಲೆ ಚೀಲ, ಕೈಯಲ್ಲಿ ಬಾಳೆಯ ಹಣ್ಣು, ಕಣ್ಣು ಬಸ್ಸು ಬರುವ ದಿಕ್ಕಿಗೆ. ಹೊತ್ತು ಸಾಕಷ್ಟಿದ್ದರೆ ಹೊಳೆಯ ಕಡೆಗೆ ನಡೆದು, ಮೆಟ್ಟಿಲಿಳಿದು, ಕಾಲು ತೊಳೆದು, ಮುಖಕ್ಕೆ ನೀರು ಚಿಮುಕಿಸಿಕೊಂಡು ಹಿಂದಿರುಗುವರು. ಅವರ ಬಾಯಲ್ಲಿ ಈ ಊರಿಗೆ ಸಿಕ್ಕುವ ಪ್ರಶಂಸೆ ಒಂದೇ: "ಸದ್ದುಗದ್ದಲವಿಲ್ಲದ ಊರು."

ಈಗ ಪೂರ್ವಪಕ್ಷವನ್ನು ಕೇಳೋಣ. ಮೊದಲನೆಯ ಪಕ್ಷದವರು ಹೀಗೆನ್ನುವರು: ಧರ್ಮವೆಂಬುದು ಸಂಬಂಧದಿಂದ ಹುಟ್ಟುವುದು. ತಂದೆಗೆ ಮಗನ ವಿಷಯದಲ್ಲಿ, ಗುರುವಿಗೆ ಶಿಷ್ಯನ ವಿಷಯದಲ್ಲಿ, ನೆರೆಯವನಿಗೆ ನೆರೆಯವನ ವಿಷಯದಲ್ಲಿ ಧರ್ಮವುಂಟು. ಸಂಬಂಧ ಬೆಳೆಯುವುದಕ್ಕೆ ಕಾಲ ಬೇಕು. ಗಂಟೆಯೊಳಗೆ ಎದ್ದು ಹೋಗುವವನಿಗೆ ಆ ಊರಿನೊಡನೆ ಸಂಬಂಧವೆಲ್ಲಿಯದು? ಸಂಬಂಧವೇ ಇಲ್ಲದಲ್ಲಿ ಧರ್ಮವೂ ಇಲ್ಲ, ಅಧರ್ಮವೂ ಇಲ್ಲ. ಆ ಹೊತ್ತು ಲೆಕ್ಕಕ್ಕೆ ಬಾರದ ಹೊತ್ತು.

ಇದಕ್ಕೆ ಸಮಾಧಾನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಅದೇ ಊರಿನಲ್ಲಿ ಅದು ದೊರೆಯುತ್ತದೆ. ಕಪಿಲೆಯ ದಡದಲ್ಲಿ ಗುಂಜಾ ನರಸಿಂಹನ ದೇವಾಲಯವಿದೆ. ಆ ಮೂರ್ತಿಯು ಬೆರಳುಗಳ ನಡುವೆ ಒಂದು ಗುಲಗಂಜಿಯನ್ನು ಹಿಡಿದಿದೆ. ಸ್ಥಳದ ಐತಿಹ್ಯ ಹೀಗಿದೆ: ಒಬ್ಬ ಮಡಿವಾಳನು ದಿನವೂ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೆಳಗೆ ದೇವರಿದ್ದನಂತೆ. ಆ ಭಕ್ತನು ಕಾಶಿಗೆ ಹೋಗಬೇಕೆಂದು ಬಯಸಿದಾಗ, ಅಷ್ಟು ದೂರ ಹೋಗಬೇಕಾಗಿಲ್ಲ, ಈ ಸ್ಥಳವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ದೇವರು ತಿಳಿಸಿದನಂತೆ. ಕಥೆಯ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಸ್ಥಳದ ಮಹಿಮೆಯನ್ನು ಹೇಳುವವರು ಸಾಮಾನ್ಯವಾಗಿ ನೂರು ಮಡಿ, ಸಾವಿರ ಮಡಿ ಎಂದು ಹೇಳುವುದು ವಾಡಿಕೆ. ಇಲ್ಲಿ ಹೇಳಿರುವುದು ಒಂದು ಗುಲಗಂಜಿಯಷ್ಟು ಮಾತ್ರ. ಅಷ್ಟು ಚಿಕ್ಕ ಅಂತರವನ್ನು ಹೇಳಬೇಕಾದರೆ ತಕ್ಕಡಿ ಬಹಳ ಸೂಕ್ಷ್ಮವಾಗಿರಬೇಕು.

ಗುಲಗಂಜಿಯೆಂದರೆ ಬೇಲಿಯ ಮೇಲೆ ಹಬ್ಬುವ ಬಳ್ಳಿಯ ಬೀಜ. ಕೆಂಪು ಮೈ, ತುದಿಯಲ್ಲಿ ಕಪ್ಪು ಬೊಟ್ಟು. ಗಾತ್ರದಲ್ಲಿ ಬಹುಮಟ್ಟಿಗೆ ಒಂದೇ ಸಮನಾಗಿರುವುದರಿಂದ ಅಕ್ಕಸಾಲಿಗರು ಅದನ್ನು ಚಿನ್ನ ತೂಗುವ ತೂಕವಾಗಿ ಬಳಸುತ್ತಿದ್ದರು. ಹಳೆಯ ಲೆಕ್ಕದಲ್ಲಿ 96 ಗುಂಜಿಗಳಿಗೆ ಒಂದು ತೊಲ. ಇಂದಿನ ಅಳತೆಯಲ್ಲಿ ಒಂದು ಗುಂಜಿಯೆಂದರೆ ಗ್ರಾಮಿನ ಎಂಟನೆಯ ಒಂದು ಭಾಗಕ್ಕೂ ತುಸು ಕಡಿಮೆ. ಸೌದೆಯನ್ನು ತೂಗುವವನಿಗೆ ಗುಲಗಂಜಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಚಿನ್ನವನ್ನು ತೂಗುವವನಿಗೆ ಮಾತ್ರ ಅದಿಲ್ಲದೆ ನಡೆಯದು. ಇದರಿಂದ ತಿಳಿಯುವುದೇನು? ಒಂದು ವಸ್ತು ಅಲ್ಪವೋ ಅಲ್ಲವೋ ಎಂಬುದು ಅದರ ತೂಕದಿಂದಲೇ ತೀರ್ಮಾನವಾಗುವುದಿಲ್ಲ. ಅದರಿಂದ ಏನನ್ನು ತೂಗುತ್ತಿದ್ದೇವೆ ಎಂಬುದನ್ನೂ ನೋಡಬೇಕು. ಆಯುಷ್ಯದಲ್ಲಿ ಒಂದು ಗಂಟೆಯು ಅಲ್ಪವೇ ಸರಿ. ಆದರೆ ಆ ಗಂಟೆಯಿಂದ ತೂಗಬೇಕಾದುದು ನಮ್ಮ ನಡತೆಯೆಂಬ ಚಿನ್ನವಾದರೆ ಆಗ ಅದು ಲೆಕ್ಕಕ್ಕೆ ಬಾರದ ಹೊತ್ತಾಗಲಾರದು.

ಎರಡನೆಯ ಪಕ್ಷದವರು ಇವರಿಗಿಂತ ಜಾಣರು. ಅವರೆನ್ನುವರು: ಜಗತ್ತೇ ಒಂದು ಛತ್ರ, ಜೀವನು ಅದರಲ್ಲಿ ಇರುಳು ತಂಗಿ ಬೆಳಗ್ಗೆ ಹೊರಡುವವನು. ಬಸ್ಸಿಗಾಗಿ ಕಾಯುವವನು ಊರಿಗೆ ಅಂಟಿಕೊಳ್ಳದೆ ಇರುವುದು ತಾವರೆಯ ಎಲೆಯ ಮೇಲಿನ ನೀರಿನಂತೆ ಇರುವುದಲ್ಲವೆ? ಅವನಲ್ಲಿ ಮಮಕಾರವಿಲ್ಲ, ಆಸೆಯಿಲ್ಲ, ನನ್ನದೆಂಬುದಿಲ್ಲ. ಇದು ವೈರಾಗ್ಯದ ಅಭ್ಯಾಸವೇ ಆಯಿತಲ್ಲ!

ಮಾತು ಕೇಳುವುದಕ್ಕೆ ಇಂಪಾಗಿದೆ. ಆದರೆ ವೈರಾಗ್ಯಕ್ಕೂ ಉದಾಸೀನಕ್ಕೂ ಹೊರನೋಟದಲ್ಲಿ ಹೋಲಿಕೆಯಿದ್ದರೂ ಒಳಗೆ ಬಹಳ ಅಂತರವುಂಟು. ವಿರಕ್ತನು "ಇದು ನನ್ನದಲ್ಲ" ಎಂದು ಹೇಳಿ ವಸ್ತುವನ್ನು ಕೆಡದಂತೆ ಬಿಟ್ಟುಹೋಗುವನು. ಉದಾಸೀನನು ಅದೇ ಮಾತನ್ನು ಹೇಳಿ ವಸ್ತುವನ್ನು ಕೆಡಿಸಿ ಹೋಗುವನು. ಹೊಳೆಯ ಮೆಟ್ಟಿಲ ಮೇಲೆ ಹಣ್ಣಿನ ಸಿಪ್ಪೆಯನ್ನೂ, ಬರಿದಾದ ಪ್ಲಾಸ್ಟಿಕ್ ಬಾಟಲಿಯನ್ನೂ, ಮಿಂದು ಬಿಟ್ಟ ಹಳೆಯ ಬಟ್ಟೆಯನ್ನೂ ಎಸೆದು ಬಸ್ಸು ಹತ್ತುವವನು ಯಾವುದಕ್ಕೂ ಅಂಟಿಕೊಂಡಿಲ್ಲವೆಂಬುದು ನಿಜ. ಅವನು ಬಿಟ್ಟುಹೋದ ಕಸ ಮಾತ್ರ ಊರಿಗೆ ಅಂಟಿಕೊಂಡಿರುತ್ತದೆ! ತಾವರೆಯೆಲೆಯ ಹೋಲಿಕೆಯನ್ನು ಹೇಳುವವರು ಇದನ್ನೂ ನೆನೆಯಬೇಕು: ನೀರು ಎಲೆಗೆ ಅಂಟುವುದಿಲ್ಲ, ಹಾಗೆಯೇ ನೀರಿನಿಂದ ಎಲೆಗೆ ಕೊಳೆಯೂ ಆಗುವುದಿಲ್ಲ.

ನಿಜವಾಗಿ ಅಲೆದವರು ತಂಗುವಿಕೆಯನ್ನು ಅಲಕ್ಷಿಸಲಿಲ್ಲವೆಂಬುದಕ್ಕೆ ಪ್ರಮಾಣವುಂಟು. ಸಂಚಾರಿಯಾದ ಸಂನ್ಯಾಸಿಯು ಗ್ರಾಮದಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮ ಪ್ರಾಚೀನವಾದುದು. ಮಳೆಗಾಲದಲ್ಲಿ ಮಾತ್ರ ಒಂದೆಡೆ ನಿಲ್ಲಬಹುದು. ಈ ನಿಯಮವು ಸಂನ್ಯಾಸಿಯ ಮೋಹವನ್ನು ತಡೆಯುವುದಕ್ಕಾಗಿ ಎಂದು ಸಾಮಾನ್ಯವಾಗಿ ಹೇಳುವರು. ಅದರ ಇನ್ನೊಂದು ಮುಖವೂ ಇದೆ: ಊರಿನವರಿಗೆ ಅವನು ಭಾರವಾಗಬಾರದು. ನಮ್ಮಲ್ಲಿ ಜಂಗಮವೆಂಬ ಶಬ್ದಕ್ಕೆ ಚಲಿಸುವುದೆಂದೇ ಅರ್ಥ. ಸ್ಥಾವರಕ್ಕೆ ನಿಂತದ್ದೆಂಬ ಅರ್ಥ. ಆದರೆ ಬರಿಯ ಚಲನೆಯಿಂದಲೇ ಯಾವನೂ ಜಂಗಮನಾಗಲಿಲ್ಲ. ಹಾಗಾಗುವುದಾದರೆ ಬಸ್ಸಿನ ಗಾಲಿಯೇ ಎಲ್ಲರಿಗಿಂತ ದೊಡ್ಡ ಜಂಗಮವಾಗಬೇಕಾಗಿತ್ತು! ಹೋದೆಡೆಯಲ್ಲಿ ತನ್ನಿಂದ ಒಂದಿಷ್ಟು ಒಳಿತು ಉಳಿದರೆ ಆ ಚಲನೆಗೆ ಅರ್ಥ. ಕೇಡು ಉಳಿದರೆ ಅದು ಅಲೆದಾಟ.

ಇಲ್ಲಿ ಪ್ರಶ್ನೆಯ ಮರ್ಮಕ್ಕೆ ಬರುತ್ತೇವೆ. ಸ್ವಂತ ಊರಿನಲ್ಲಿ ನಾವು ಸಭ್ಯರಾಗಿ ನಡೆಯುವುದಕ್ಕೆ ಎಷ್ಟೋ ಕಾರಣಗಳುಂಟು. ಹಿರಿಯರ ಕಣ್ಣಿದೆ; ನೆರೆಯವರ ನಾಲಗೆಯಿದೆ; ನಾಳೆ ಮತ್ತೆ ಅದೇ ಬೀದಿಯಲ್ಲಿ ಮುಖ ತೋರಿಸಬೇಕಾಗಿದೆ. ನಮ್ಮ ಸದ್ಗುಣದಲ್ಲಿ ಎಷ್ಟು ಭಾಗ ನಮ್ಮದು, ಎಷ್ಟು ಭಾಗ ಈ ಕಾವಲಿನದು ಎಂಬುದು ಊರಿನಲ್ಲಿದ್ದಾಗ ನಮಗೇ ತಿಳಿಯದು. ಚಿನ್ನವೂ ತಾಮ್ರವೂ ಕರಗಿ ಒಂದಾಗಿರುವಂತೆ ಅವೆರಡೂ ಬೆರೆತುಹೋಗಿರುತ್ತವೆ. ಗುರುತಿಲ್ಲದ ಊರಿನಲ್ಲಿ ಬಸ್ಸಿಗೆ ಕಾಯುವಾಗ ಈ ಕಾವಲು ಕಳಚಿ ಬೀಳುತ್ತದೆ. ಹೆಸರು ಕೇಳುವವರಿಲ್ಲ, ಕುಲ, ವಿದ್ಯೆ, ಪದವಿಗಳನ್ನು ಬಲ್ಲವರಿಲ್ಲ, ಮತ್ತೆ ಈ ಮೆಟ್ಟಿಲನ್ನು ತುಳಿಯುವೆವೆಂಬ ನಿಶ್ಚಯವೂ ಇಲ್ಲ. ಈಗ ಉಳಿಯುವ ಸದ್ಗುಣವೆಷ್ಟೋ ಅಷ್ಟೇ ನಮ್ಮದು. ಆದಕಾರಣ ನಡುದಾರಿಯ ಊರನ್ನು ಒರೆಗಲ್ಲೆಂದು ಕರೆದರೆ ತಪ್ಪಾಗಲಾರದು. ಒರೆಗಲ್ಲಿನ ಮೇಲೆ ಚಿನ್ನವನ್ನು ಬಹಳ ಹೊತ್ತು ಉಜ್ಜಬೇಕಾಗಿಲ್ಲ. ಒಂದು ಗೆರೆ ಸಾಕು.

ಮಹದೇಶ್ವರನ ಬೆಟ್ಟಕ್ಕೆ ಹೊರಟ ಯಾತ್ರಿಕನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೆಟ್ಟದ ಮೇಲೆ ಅವನು ಮಡಿಯಿಂದಿರುವನು, ಸರದಿಯಲ್ಲಿ ತಾಳ್ಮೆಯಿಂದ ನಿಲ್ಲುವನು, ಎದುರಿಗೆ ಸಿಕ್ಕವರಿಗೆ ಕೈ ಮುಗಿಯುವನು. ಅದು ಕ್ಷೇತ್ರ. ನಡುದಾರಿಯ ಬಸ್ಸು ನಿಲ್ದಾಣದಲ್ಲಿ ಅವನೇ ಮುದುಕಿಯನ್ನು ತಳ್ಳಿ ಸೀಟು ಹಿಡಿಯುವನು. ಚಹಾದ ಅಂಗಡಿಯ ಹುಡುಗನನ್ನು ಗದರುವನು. ಇದು ದಾರಿ. ದಾರಿಯಲ್ಲಿ ಒಬ್ಬನು, ಕ್ಷೇತ್ರದಲ್ಲಿ ಮತ್ತೊಬ್ಬನು ಆದಮೇಲೆ ಬೆಟ್ಟವನ್ನು ಹತ್ತಿದವನು ಯಾರು? ಪುಣ್ಯಕ್ಕೆ ಸ್ಥಳವನ್ನು ಗೊತ್ತುಮಾಡಿ, ಉಳಿದ ನೆಲವನ್ನೆಲ್ಲ ಬರಿಯ ದಾರಿಯೆಂದು ತಿಳಿಯುವುದು ಈ ಕೇಡಿನ ಬೇರು. ಕಾಶಿಗೆ ಹೊರಟಿದ್ದ ಮಡಿವಾಳನಿಗೆ ಅವನ ಒಗೆಯುವ ಕಲ್ಲಿನ ಕೆಳಗೇ ದೇವರಿರುವುದನ್ನು ತೋರಿಸಿದ ಐತಿಹ್ಯವು ಇದನ್ನೇ ಖಂಡಿಸುತ್ತದೆಯೆಂದು ನನಗೆ ತೋರುತ್ತದೆ.

ಇನ್ನು ಋಣದ ವಿಚಾರ. ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ತೈತ್ತಿರೀಯೋಪನಿಷತ್ತಿನ ಉಪದೇಶವನ್ನು ಅರಿಯದವರಿಲ್ಲ. ಆದರೆ ಆ ಉಪದೇಶವು ಮನೆಯವನಿಗೆ. ಅತಿಥಿಯಾದವನು ಹೇಗಿರಬೇಕೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಕಾಲ್ನಡಿಗೆಯ ಕಾಲದಲ್ಲಿ ಅದನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ಬಿಸಿಲಿನಲ್ಲಿ ನಡೆದು ಬಂದವನಿಗೆ ಅರವಟ್ಟಿಗೆಯಲ್ಲಿ ನೀರು ಕೊಟ್ಟವರ ಮುಖ ಕಾಣುತ್ತಿತ್ತು. ಸಾಲುಮರದ ನೆರಳು ಯಾರೋ ನೆಟ್ಟು ನೀರೆರೆದುದರ ಫಲವೆಂದು ಕಾಲಿಗೇ ತಿಳಿಯುತ್ತಿತ್ತು. ಛತ್ರದಲ್ಲಿ ಉಂಡವನು ಅದನ್ನು ಕಟ್ಟಿಸಿದ ಪುಣ್ಯಾತ್ಮನನ್ನು ನೆನೆದು ಮಲಗುತ್ತಿದ್ದನು. ಮೈಸೂರು ಸಂಸ್ಥಾನದಲ್ಲಿ 1948ರಲ್ಲಿ ಸರ್ಕಾರಿ ಬಸ್ಸುಗಳ ಸಂಚಾರ ಮೊದಲಾದಂದಿನಿಂದ ಪ್ರಯಾಣ ಸುಲಭವಾಯಿತು. ಅದು ದೊಡ್ಡ ಉಪಕಾರ. 2023ರ ಜೂನ್ 11ರಂದು ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಆರಂಭವಾದ ಮೇಲಂತೂ, ಹೊಲ ಮನೆಗಳನ್ನು ಬಿಟ್ಟು ಹೊರಗೆ ಬಾರದಿದ್ದ ಎಷ್ಟೋ ತಾಯಂದಿರು ನದಿಗಳನ್ನೂ ಬೆಟ್ಟಗಳನ್ನೂ ಕಂಡರು. ಇದು ಸಂತೋಷದ ಸಂಗತಿ. ಆದರೆ ಬಸ್ಸಿನ ಪ್ರಯಾಣಿಕನಿಗೆ ಒಂದು ಭ್ರಾಂತಿ ಸುಲಭವಾಗಿ ಹಿಡಿಯುತ್ತದೆ. ಟಿಕೆಟಿಗೆ ಹಣ ಕೊಟ್ಟೆನು, ಚಹಾಕ್ಕೆ ಹಣ ಕೊಟ್ಟೆನು, ಇಲ್ಲಿಗೆ ಲೆಕ್ಕ ಚುಕ್ತವಾಯಿತು ಎಂದು ಅವನು ತಿಳಿಯುವನು. ಅವನು ಕುಳಿತ ಮೆಟ್ಟಿಲಿನ ಕಲ್ಲನ್ನು ಕಡಿದವರು ಯಾರು? ಒರಗಿದ ಅರಳಿಕಟ್ಟೆಯನ್ನು ಕಟ್ಟಿಸಿದವರು ಯಾರು? ಬೆಳಗಿನ ಜಾವ ಆ ನಿಲ್ದಾಣವನ್ನು ಗುಡಿಸಿದವರು ಯಾರು? ಇವರಾರಿಗೂ ಅವನು ಹಣ ಕೊಟ್ಟಿಲ್ಲ; ಕೊಡಲು ಅವರ ಮುಖವೂ ಕಾಣುವುದಿಲ್ಲ. ಋಣದಾತನು ಕಾಣುವುದಿಲ್ಲವೆಂದ ಮಾತ್ರಕ್ಕೆ ಋಣವು ಇಲ್ಲವಾಗುವುದೆ?

ಹೆಸರಿಲ್ಲದವರಿಂದ ಪಡೆದ ಋಣವನ್ನು ತೀರಿಸುವ ಬಗೆ ಒಂದೇ: ಹೆಸರಿಲ್ಲದವರಿಗೆ ಕೊಡುವುದು. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದುದಕ್ಕಿಂತ, ತಲಕಾಡಿನ ಬಸ್ಸಿಗಾಗಿ ಕಾಯುತ್ತಿದ್ದಾಗ ಇದೇ ನರಸೀಪುರದ ಹೊಳೆಯ ಮೆಟ್ಟಿಲ ಮೇಲೆ ನೋಡಿ ತಿಳಿದುದು ಹೆಚ್ಚು. ವಯಸ್ಸಾದ ತಾಯಿಯೊಬ್ಬರು ಕಾಲು ತೊಳೆದುಕೊಂಡು ಮೇಲೇಳುವಾಗ, ಯಾರೋ ಬಿಟ್ಟುಹೋಗಿದ್ದ ನೆನೆದ ಹೂವು, ಎಲೆ, ಬಟ್ಟೆಯ ಚೂರುಗಳನ್ನು ಬಗ್ಗಿ ಬಗ್ಗಿ ಕೈಯಿಂದ ಒಟ್ಟುಮಾಡಿ, ಮೆಟ್ಟಿಲ ಬದಿಗೆ ಸರಿಸುತ್ತಿದ್ದರು. ಅವರ ಜೊತೆಯವರು ಬಸ್ಸು ಬಂದೀತೆಂದು ಮೇಲಿನಿಂದ ಕೂಗುತ್ತಿದ್ದರು. "ನಿಮಗೇಕೆ ತಾಯಿ ಈ ಶ್ರಮ?" ಎಂದು ಕೇಳಿದೆನು. ಅವರು ತಲೆಯೆತ್ತದೆಯೇ, "ಜಾರಿ ಬಿದ್ದಾರು ಬುದ್ಧಿ, ಹಿಂದುಗಡೆ ಬರೋರು" ಎಂದರು. ಅಷ್ಟೇ ಮಾತು. ಸೆರಗಿಗೆ ಕೈಯೊರಸಿಕೊಂಡು ಮೆಟ್ಟಿಲೇರಿ ಹೋದರು. ಹಿಂದೆ ಬರುವವರು ಯಾರೆಂದು ಅವರಿಗೆ ತಿಳಿಯದು. ಜಾರದೆ ಉಳಿದವರಿಗೆ ಇವರು ಯಾರೆಂದು ಎಂದೆಂದಿಗೂ ತಿಳಿಯದು. ಈ ಎರಡು ಅಜ್ಞಾನಗಳ ನಡುವೆ ನಡೆದ ಕೆಲಸಕ್ಕೆ ಹಿಡಿದ ಹೊತ್ತು ಎರಡು ಮೂರು ನಿಮಿಷ. ಮೊದಲ ಪಕ್ಷದವರು, ಸಂಬಂಧ ಬೆಳೆಯಲು ಕಾಲ ಬೇಕೆಂದರಲ್ಲವೆ? ಹಿಂದೆ ಬರುವವನೊಬ್ಬನಿದ್ದಾನೆಂದು ನೆನೆದ ಕ್ಷಣದಲ್ಲಿಯೇ ಸಂಬಂಧವು ಹುಟ್ಟಿತು. ಅದಕ್ಕೆ ಕಾಲ ಬೇಕಾಗಲಿಲ್ಲ, ನೆನಪು ಬೇಕಾಗಿತ್ತು.

ಇಷ್ಟಾದ ಮೇಲೆ, ತಂಗಿದ ಊರನ್ನು ಕುರಿತು ನಾವಾಡುವ ಮಾತಿನ ವಿಷಯವಾಗಿಯೂ ಒಂದು ವಿಚಾರವನ್ನು ಹೇಳಬೇಕಾಗಿದೆ. ಗಂಟೆಯ ಹೊತ್ತು ಕಂಡು, "ಸದ್ದುಗದ್ದಲವಿಲ್ಲದ ಊರು" ಎನ್ನುವುದು ಮೆಚ್ಚುಗೆಯಂತೆ ತೋರಿದರೂ ಅದರಲ್ಲಿ ಒಂದು ಅವಸರದ ತೀರ್ಪಿದೆ. ಇಲ್ಲಿ ಏನೂ ನಡೆಯುವುದಿಲ್ಲವೆಂಬ ಅರ್ಥವು ಅದರ ಬೆನ್ನಲ್ಲಿ ಅಡಗಿದೆ. ಈ ನರಸೀಪುರದ ನೆಲವನ್ನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪ್ರಾಕ್ತನ ಶಾಸ್ತ್ರಜ್ಞರು ಅಗೆದಾಗ, ನವಶಿಲಾಯುಗದ ಜನರ ವಸತಿಯ ಕುರುಹುಗಳೂ ಸಮಾಧಿಗಳೂ ಹೊರಬಂದವು. ಅಂದರೆ ಕಬ್ಬಿಣವನ್ನು ಅರಿಯುವುದಕ್ಕೆ ಮೊದಲೇ ಮನುಷ್ಯರು ಈ ದಡದಲ್ಲಿ ನೆಲೆಸಿ, ಬಾಳಿ, ತಮ್ಮವರನ್ನು ಇಲ್ಲಿಯೇ ಮಣ್ಣುಮಾಡಿದ್ದರು. 1989ರಲ್ಲಿ ಮೊದಲಾದ ಇಲ್ಲಿಯ ಕುಂಭಮೇಳಕ್ಕೆ ಸೇರುವ ಜನಸ್ತೋಮವನ್ನು 2019ರಲ್ಲಿಯೋ 2025ರಲ್ಲಿಯೋ ಕಂಡವರು ಇದನ್ನು ನಿಶ್ಶಬ್ದದ ಊರೆಂದು ಹೇಳಲಾರರು. 2018 ಮತ್ತು 2019ರ ಆಗಸ್ಟ್ ತಿಂಗಳಿನಲ್ಲಿ ಕಪಿಲೆಯು ಉಕ್ಕಿ ತೀರದ ಊರುಗಳನ್ನು ಬಾಧಿಸಿದಾಗ ದಡದವರು ಕಳೆದ ಇರುಳುಗಳೂ ಶಾಂತವಾಗಿರಲಿಲ್ಲ. ಶಾಂತವಾಗಿ ಹರಿಯುವಂತೆ ಕಾಣುವ ಈ ನೀರಾದರೂ ಸುಮ್ಮನೆ ಬಂದುದಲ್ಲ. ಕಾವೇರಿಯು ಕೃಷ್ಣರಾಜಸಾಗರದ ಕಟ್ಟೆಯನ್ನೂ, ಕಪಿಲೆಯು ಬೀಚನಹಳ್ಳಿಯ ಕಟ್ಟೆಯನ್ನೂ ದಾಟಿ, ಗದ್ದೆಗಳಿಗೆ ಹಂಚಿ, ಉಳಿದುದನ್ನು ಇಲ್ಲಿಗೆ ತಂದಿವೆ. ಮುಂದೆ ಇದೇ ನೀರು ಶಿವನಸಮುದ್ರದಲ್ಲಿ ವಿದ್ಯುತ್ತಾಗಬೇಕಾಗಿದೆ, ಅದನ್ನೂ ದಾಟಿ ತಮಿಳುನಾಡಿನ ಬಯಲುಗಳನ್ನು ತಣಿಸಬೇಕಾಗಿದೆ. ಎರಡು ದುಡಿಮೆಗಳ ನಡುವೆ ಹೊಳೆಯು ಇಲ್ಲಿ ಮೆಲ್ಲನೆ ನಡೆಯುತ್ತಿದೆ. ಅದನ್ನು ನೋಡಿ ಹೊಳೆಗೆ ಕೆಲಸವಿಲ್ಲವೆನ್ನಬಹುದೆ?

ನಾವು ಊರಿನ ಮೌನವೆಂದು ಕರೆಯುವುದು ಎಷ್ಟೋ ವೇಳೆ ನಮ್ಮ ಅರಿವಿನ ಕೊರತೆಯ ಹೆಸರು. ಒಂದು ಗಂಟೆಯಲ್ಲಿ ಊರನ್ನು ಅರಿಯಲಾರೆವೆಂಬುದು ದೋಷವಲ್ಲ. ಅರಿತೆವೆಂದು ಹೇಳುವುದು ದೋಷ. ಮನುಷ್ಯರ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ? ಮದುವೆಯ ಮನೆಯಲ್ಲಿ ಅರ್ಧ ಗಂಟೆ ಕಂಡವನನ್ನು ಜಂಭದವನೆಂದೋ ಪೆದ್ದನೆಂದೋ ತೀರ್ಮಾನಿಸಿ ಜೀವಮಾನವೆಲ್ಲ ಆ ತೀರ್ಮಾನವನ್ನು ಹೊತ್ತು ತಿರುಗುತ್ತೇವೆ. ಅಲ್ಪಕಾಲದ ನೋಟವು ಕರ್ತವ್ಯಕ್ಕೆ ಸಾಕಾಗುತ್ತದೆ, ತೀರ್ಪಿಗೆ ಸಾಕಾಗುವುದಿಲ್ಲ. ಜಾರುವ ಮೆಟ್ಟಿಲನ್ನು ಸ್ವಚ್ಛಮಾಡಲು ಊರಿನ ಚರಿತ್ರೆ ತಿಳಿದಿರಬೇಕಾಗಿಲ್ಲ. ಊರನ್ನು ಕುರಿತು ತೀರ್ಪು ಹೇಳಲು ಮಾತ್ರ ಅದು ಬೇಕೇ ಬೇಕು. ನಾವಾದರೋ ಇದನ್ನು ತಲೆಕೆಳಗು ಮಾಡಿರುವೆವು. ತೀರ್ಪನ್ನು ಧಾರಾಳವಾಗಿ ಕೊಡುತ್ತೇವೆ, ಕರ್ತವ್ಯಕ್ಕೆ ಹೊತ್ತಿಲ್ಲವೆನ್ನುತ್ತೇವೆ.

ಕೊನೆಯದಾಗಿ ಒಂದು ಆಕ್ಷೇಪವನ್ನು ಎದುರಿಸಬೇಕು. "ದಣಿದ ಪ್ರಯಾಣಿಕನನ್ನು ಹೀಗೆ ಧರ್ಮದ ಹೊರೆಯಿಂದ ಕಾಡುವುದೇಕೆ? ಹೊಳೆಯ ಗಾಳಿಯಲ್ಲಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತಿರಲು ಬಿಡಬಾರದೆ?" ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಕಣ್ಣು ಮುಚ್ಚಿ ಕುಳಿತಿರಲಿ. ಆ ಸುಖವನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆ ಗಾಳಿಯ ತಂಪನ್ನು ಮನಸಾರೆ ಅನುಭವಿಸುವುದೂ ಊರಿಗೆ ಸಲ್ಲಿಸುವ ಒಂದು ಗೌರವವೇ. ಬಂದವನಿಂದ ಊರು ಕೇಳುವುದು ಬಹಳ ಸ್ವಲ್ಪ: ನನ್ನನ್ನು ಕೆಡಿಸಬೇಡ, ಹಿಂದೆ ಬರುವವನನ್ನು ಮರೆಯಬೇಡ, ತಿಳಿಯದುದನ್ನು ತಿಳಿದಂತೆ ಆಡಬೇಡ. ಈ ಮೂರನ್ನು ಒಟ್ಟುಗೂಡಿಸಿ ತೂಗಿದರೂ ಒಂದು ಗುಲಗಂಜಿಯ ತೂಕಕ್ಕಿಂತ ಹೆಚ್ಚಾಗಲಾರದು. ಅದನ್ನು ಹೊರಲಾರದಷ್ಟು ದಣಿವು ಯಾವ ಪ್ರಯಾಣದಲ್ಲಿಯೂ ಆಗುವುದಿಲ್ಲ.

ವಾಚಕ ಮಹಾಶಯರು ಮುಂದಿನ ಸಲ ಯಾವುದಾದರೂ ಹೊಳೆಯ ದಡದ ಊರಿನಲ್ಲಿ ಬಸ್ಸಿಗಾಗಿ ಇಳಿದು ನಿಂತಾಗ ತಮ್ಮನ್ನು ತಾವೇ ಹೀಗೆ ಕೇಳಿಕೊಳ್ಳಬಹುದು: ಈ ಊರಿನಲ್ಲಿ ನನ್ನನ್ನು ಯಾರೂ ಅರಿಯರು, ಹಾಗಾದರೆ ಈಗ ನಾನು ಯಾರು? ಉತ್ತರವನ್ನು ಬಾಯಿಂದ ಹೇಳಬೇಕಾಗಿಲ್ಲ. ಎದ್ದು ಹೋದ ಮೇಲೆ ಕುಳಿತಿದ್ದ ಜಾಗವು ಹೇಗಿರುವುದೋ ಅದೇ ಉತ್ತರ.